ಹಿಗ್ಗು ಪದದ ವೈರಿ

ನಮ್ಮ ನಿಘಂಟು ಕಚೇರಿಯಲ್ಲಿ ಪ್ರತಿ ಪದಕ್ಕೂ ಒಬ್ಬ ಅಪ್ಪ, ಒಬ್ಬ ವೈರಿ. ಅಪ್ಪನಾದವನು ಪದದ ಹುಟ್ಟು, ಅರ್ಥ, ಬಳಕೆ ಎಲ್ಲವನ್ನೂ ಹುಡುಕಿ ಬರೆಯುತ್ತಾನೆ. ವೈರಿಗೆ ಒಂದು ವಾರ ಗಡುವು. ಅಷ್ಟರಲ್ಲಿ ಅವನು ಆ ಬರಹವನ್ನು ಎಲ್ಲಿ ಸಾಧ್ಯವೋ ಅಲ್ಲಿ ಒಡೆಯಬೇಕು. ಶುಕ್ರವಾರ ಎಲ್ಲರೂ ಉದ್ದ ಮೇಜಿನ ಸುತ್ತ ಕೂತ ಮೇಲೆ ಸಂಪಾದಕರು ವೈರಿಯ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಒಡೀತೋ, ನಿಂತಿತೋ?" ನಿಂತಿತು ಎಂದರೆ ಇಬ್ಬರೂ ಸಹಿ ಹಾಕಿ ಪದ ಅಚ್ಚಿಗೆ ಹೋಗುತ್ತದೆ. ಒಡೆಯಿತು ಎಂದರೆ ಒಡೆದ ಭಾಗ ಕಸದ ಬುಟ್ಟಿಗೆ.

ಹನ್ನೊಂದು ವರ್ಷದಲ್ಲಿ ನಾನು ಒಡೆದಷ್ಟು ಪದಗಳನ್ನು ಕಚೇರಿಯಲ್ಲಿ ಇನ್ಯಾರೂ ಒಡೆದಿಲ್ಲ. ನನಗೆ ಕತ್ತರಿ ಎಂದು ಹೆಸರಿಟ್ಟಿದ್ದಾರೆ. ಬೆನ್ನ ಹಿಂದಲ್ಲ, ಎದುರಿಗೇ ಕರೆಯುತ್ತಾರೆ, ನನಗೆ ಬೇಜಾರೂ ಇಲ್ಲ. ಮಾತಿನ ನಡುವೆ ಎಲ್ಲೆಂದರಲ್ಲಿ ನಿಂತು ಉಸಿರೆಳೆಯುವ ಸಹೋದ್ಯೋಗಿಯೊಬ್ಬರಿದ್ದಾರೆ, ಅವರಿಗೆ ಅಲ್ಪವಿರಾಮ ಎಂದು ಹೆಸರು. ಆರು ತಿಂಗಳು ಕೂತು ಅವರು ಬರೆದ ಪದವೊಂದನ್ನು ನಾನು ಹತ್ತು ನಿಮಿಷದಲ್ಲಿ ಕೆಡವಿದಾಗ ಬಚ್ಚಲಿಗೆ ಹೋಗಿ ಅತ್ತು ಬಂದರು. ಆಮೇಲೆ ಮತ್ತೆ ಬರೆದರು, ಎರಡನೆಯ ಸಲ ಎಷ್ಟೋ ಚೆನ್ನಾಗಿ ಬರೆದರು. ಅಳಿಸಿದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ, ಅವರೂ ನಿರೀಕ್ಷಿಸಲಿಲ್ಲ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ದೊಡ್ಡಪ್ಪ, ಅಂದರೆ ನನ್ನ ಅಪ್ಪನ ಅಣ್ಣ. ಸಾಕಿದವರೂ ಅವರೇ, ಅವರೂ ದೊಡ್ಡಮ್ಮನೂ. ಅಪ್ಪ ಎನ್ನಿಸಿಕೊಂಡವನು ನಾನು ಹೊಟ್ಟೆಯಲ್ಲಿದ್ದಾಗಲೇ ಮನೆ ಬಿಟ್ಟು ಹೋದ, ಪತ್ತೆಯಿಲ್ಲ. ಅಮ್ಮ ನನ್ನನ್ನು ಹೆತ್ತ ಮೂರನೆಯ ದಿನ ಜ್ವರ ಏರಿ ಆಸ್ಪತ್ರೆಯಲ್ಲೇ ತೀರಿಕೊಂಡಳು. ದೊಡ್ಡಮ್ಮನಿಗೆ ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಆಸ್ಪತ್ರೆಯಿಂದ ನೇರ ಅವಳ ಮಡಿಲಿಗೆ ಬಂದೆ. ಅವಳೇ ಹಾಲು ಕುಡಿಸಿದಳು, ಅವಳೇ ಜಡೆ ಹಾಕಿದಳು, ನನ್ನ ನೆಗಡಿಗೆ ಕೆಮ್ಮಿಗೆ ಅವಳೇ ಎದ್ದು ಕೂತಳು. ಆದರೂ ಅವಳನ್ನು ನಾನು ಒಂದು ಸಲವೂ ಅಮ್ಮ ಎಂದವಳಲ್ಲ. ಆ ಹೆಸರು ಬೇರೆಯವಳದಾಗಿತ್ತು.

ಆ ಬೇರೆಯವಳ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಇದ್ದದ್ದು ಒಂದು ವಾಕ್ಯ. ನಾನು ಐದು ವರ್ಷದವಳಾಗಿದ್ದಾಗ, ತಾಯಿಯನ್ನು ತಿಂದುಕೊಂಡು ಹುಟ್ಟಿದವಳು ಎಂದು ಪಕ್ಕದ ಮನೆಯವಳು ಅಂದಳೆಂದು ಅಳುತ್ತ ಬಂದಾಗ, ದೊಡ್ಡಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದರು: "ನಿಮ್ಮಮ್ಮ ನಿನ್ನನ್ನ ಎದೆಗೆ ಅಪ್ಪಿಕೊಂಡು ಏನಂದ್ಲು ಗೊತ್ತಾ? ತಡಕೊಳ್ಳೋಕೆ ಆಗ್ತಿಲ್ಲ, ಹಿಗ್ಗಿಗೆ ಎದೆ ನೋಯ್ತಾ ಇದೆ, ಅಂದ್ಲು." ಅವತ್ತಿನಿಂದ ಆ ಮಾತು ನನ್ನ ಗುರಾಣಿಯಾಯಿತು. ಶಾಲೆಯಲ್ಲಿ ಯಾರಾದರೂ ಕೆಣಕಿದರೆ ಅದನ್ನೇ ಹೇಳುತ್ತಿದ್ದೆ. ಪರೀಕ್ಷೆಗೆ ಮುಂಚೆ ಹೇಳಿಕೊಳ್ಳುತ್ತಿದ್ದೆ. ಗೊತ್ತು ಮಾಡಿದ್ದ ಮದುವೆ ಮುರಿದುಬಿದ್ದಾಗಲೂ ನನಗೆ ನಾನೇ ಹೇಳಿಕೊಂಡೆ. ದೊಡ್ಡಮ್ಮನ ಎದುರಿಗಂತೂ ನೂರು ಸಲ ಹೇಳಿದ್ದೇನೆ. ಹೊಲಿಗೆ ಯಂತ್ರದ ಮುಂದೆ ಕೂತ ಅವಳು ಆಗ ತಲೆ ಎತ್ತುತ್ತಿರಲಿಲ್ಲ. ಅವಳ ಕಿವಿ ಮಂದ ಎಂದು ನಾನು ತಿಳಿದಿದ್ದೆ.

ಆ ಸೋಮವಾರ ಕಚೇರಿಯಲ್ಲಿ ಎಂದಿನಂತೆ ಬಿಸ್ಕತ್ತಿನ ಡಬ್ಬಿ ಕುಲುಕಿ ವೈರಿಗಳ ಚೀಟಿ ಎತ್ತಿದೆವು. ನನ್ನ ಕೈಗೆ ಬಂದದ್ದು ಹಿಗ್ಗು. ಬರೆದವರು ದೊಡ್ಡಪ್ಪ. ಶುಕ್ರವಾರ ಅವರ ನಿವೃತ್ತಿ. ಮೂವತ್ತೊಂಬತ್ತು ವರ್ಷದ ಕೆಲಸದಲ್ಲಿ ಇದೇ ಅವರ ಕೊನೆಯ ಪದ.

"ಒಂದೇ ಮನೆಯವರು," ಎಂದು ಸಂಪಾದಕರು ಕನ್ನಡಕ ಒರೆಸಿಕೊಂಡರು. "ಬೇರೆಯವರಿಗೆ ಕೊಡಲಾ?"

"ಯಾಕೆ ಸಾರ್? ಕತ್ತರಿಗೆ ದೊಡ್ಡಪ್ಪ ಗೊತ್ತಾಗುತ್ತಾ, ಚಿಕ್ಕಪ್ಪ ಗೊತ್ತಾಗುತ್ತಾ?" ಎಂದೆ. ಎಲ್ಲರೂ ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ. ಅದನ್ನು ನಾನು ಗಮನಿಸಿದೆ, ಆದರೆ ಅದಕ್ಕೆ ಅರ್ಥ ಹಚ್ಚಲಿಲ್ಲ.

ಬರಹ ಓದಿದೆ. ಅವರದು ಮುತ್ತಿನಂಥ ಅಕ್ಷರ. ಮೊದಲನೆಯ ಅರ್ಥ, ಉಬ್ಬುವುದು, ಅಗಲವಾಗುವುದು: ನೀರು ಕುಡಿದು ಹಿಗ್ಗಿದ ಬಾಗಿಲು, ಎಳೆದರೆ ಹಿಗ್ಗುವ ರಬ್ಬರು. ಎರಡನೆಯದು, ಸಂತೋಷಪಡುವುದು: ಮಗಳು ಪಾಸಾದಳೆಂದು ಹಿಗ್ಗಿ ಹೀರೇಕಾಯಿಯಾದ ತಂದೆ. ಹಿರಿದು, ಹೆಚ್ಚು, ಹಿಗ್ಗು, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳಿರಬಹುದು ಎಂದು ಊಹಿಸಿ, ಪಕ್ಕದಲ್ಲಿ ಪ್ರಾಮಾಣಿಕವಾಗಿ ಒಂದು ಪ್ರಶ್ನೆಯ ಗುರುತು ಹಾಕಿದ್ದರು. ಸಂತೋಷದ ಪದಗಳು ಮನಸ್ಸಿನಲ್ಲಿ ಹುಟ್ಟುವುದಿಲ್ಲ, ಮೈಯಲ್ಲಿ ಹುಟ್ಟುತ್ತವೆ ಎಂಬುದು ಅವರ ಹಳೆಯ ವಾದ. ಹರ್ಷ ಎಂದರೆ ಮೂಲದಲ್ಲಿ ರೋಮ ಸೆಟೆದು ನಿಲ್ಲುವುದು. ಹೆದರಿದಾಗಲೂ ಅದು ನಿಲ್ಲುತ್ತದೆ. ಸಂಭ್ರಮ ಎಂದರೆ ಮೂಲದಲ್ಲಿ ಗಿರ್ರನೆ ಸುತ್ತುವುದು, ಗಾಬರಿಬೀಳುವುದು. ಈಗ ಅದನ್ನೇ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಇಷ್ಟೆಲ್ಲ ಬರೆದು ಕೊನೆಯಲ್ಲಿ, ಬೇರೆ ಯಾವ ನಿಘಂಟಿನಲ್ಲೂ ಕಾಣದ ಮೂರನೆಯ ಅರ್ಥವೊಂದನ್ನು ಸೇರಿಸಿದ್ದರು: ಮೈಯಲ್ಲಿ ಹಿಡಿಸಲಾರದಷ್ಟು ಸಂತೋಷ, ನೋವಾಗುವಷ್ಟು ಸಂತೋಷ.

ಅದಕ್ಕೆ ಪುಸ್ತಕದ ಆಧಾರ ಇರಲಿಲ್ಲ. ಆಧಾರವಾಗಿ ಒಂದು ಹಳದಿ ಚೀಟಿ ಇತ್ತು. ಬಾಯಿಮಾತಿಗೆ ನಾವು ಹಳದಿ ಚೀಟಿ ಬಳಸುತ್ತೇವೆ. ಅದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಸಂಬಂಧ ಮಾತ್ರ. ಹೇಳಿದವರು ಯಾರು, ಯಾವಾಗ, ಕಿವಿಯಾರೆ ಕೇಳಿದವರು ಯಾರು. ಕೇಳಿದವರು ಇಬ್ಬರು ಇರಲೇಬೇಕು. ವೈರಿಯಾದವನು ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು, ವಿಚಾರಿಸುವಾಗ ವಾಕ್ಯವನ್ನು ತಾನು ಹೇಳಿಕೊಡಬಾರದು.

ಚೀಟಿಯಲ್ಲಿ ಹೀಗಿತ್ತು. ವಾಕ್ಯ: ತಡಕೊಳ್ಳೋಕೆ ಆಗ್ತಿಲ್ಲ, ಹಿಗ್ಗಿಗೆ ಎದೆ ನೋಯ್ತಾ ಇದೆ. ಹೇಳಿದವರು: ತಾಯಿ. ಯಾವಾಗ: ಮಗುವನ್ನು ಎತ್ತಿಕೊಂಡಾಗ. ಕೇಳಿದವರು: ಮನೆಯವರಿಬ್ಬರು.

ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಅಮ್ಮ ಪುಸ್ತಕ ಸೇರುತ್ತಿದ್ದಳು. ಹೆಸರಿಲ್ಲದೆ, ಮುಖವಿಲ್ಲದೆ, ಆದರೆ ನಿಘಂಟಿನ ಕೊನೆಯ ಪುಟ ಹರಿಯುವವರೆಗೆ ನನ್ನನ್ನು ಎತ್ತಿಕೊಂಡು ಹಿಗ್ಗುತ್ತ ಇರುತ್ತಿದ್ದಳು. ಅವಳ ವಾಕ್ಯದ ಕೆಳಗೆ ನನ್ನ ಸಹಿ. ಬದುಕಿನಲ್ಲಿ ಇನ್ನೇನೂ ಆಗದಿದ್ದರೂ ಪರವಾಗಿಲ್ಲ, ಇದೊಂದು ಆದರೆ ಸಾಕು ಅನ್ನಿಸಿತು.

ಸಂಜೆ ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. "ಅದಕ್ಕೆ ಸುಮ್ಮನೆ ಸಹಿ ಹಾಕಿಬಿಡು ಮಗಳೇ."

"ವಿಚಾರಿಸದೆ ಸಹಿ ಹಾಕೋದಾ? ನೀವೇ ಅಲ್ವಾ ಕಲಿಸಿದ್ದು?"

"ನನ್ನನ್ನ ವಿಚಾರಿಸು. ಇಲ್ಲೇ ಹೇಳ್ತೀನಿ. ನಿನ್ನ ದೊಡ್ಡಮ್ಮನ್ನ ಕೇಳೋದು ಬೇಡ. ಅವಳಿಗೆ ಈಚೆಗೆ ಯಾವುದೂ ನೆನಪಿರಲ್ಲ."

ಹೋದ ತಿಂಗಳ ಹಾಲಿನವನ ಚಿಲ್ಲರೆಯಿಂದ ಹಿಡಿದು ಇಪ್ಪತ್ತು ವರ್ಷದ ಹಿಂದಿನ ಜಗಳದವರೆಗೆ ದೊಡ್ಡಮ್ಮನಿಗೆ ಎಲ್ಲ ನೆನಪಿತ್ತು. ಹನ್ನೊಂದು ವರ್ಷದಲ್ಲಿ ಒಬ್ಬ ಸಾಕ್ಷಿಯನ್ನೂ ಬಿಡದವಳು ನಾನು. ನನ್ನ ಅಮ್ಮನ ವಾಕ್ಯಕ್ಕೇ ರಿಯಾಯಿತಿ ತೋರಿಸಿದರೆ ಅದು ಅಮ್ಮನಿಗೇ ಅವಮಾನ ಎಂದುಕೊಂಡೆ. ಈಗ ಯೋಚಿಸಿದರೆ, ಆ ಒಣ ಜಂಬದಷ್ಟು ದಡ್ಡತನ ಇನ್ನೊಂದಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ದೊಡ್ಡಪ್ಪ ಕಚೇರಿಯಲ್ಲಿದ್ದರು. ದೊಡ್ಡಮ್ಮ ಕಿಟಕಿಯ ಪಕ್ಕ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿಯ ಕಾಜಾ ಮಾಡುತ್ತಿದ್ದಳು. ಮಂಡಿನೋವಿನಿಂದ ಯಂತ್ರ ತುಳಿಯುವುದನ್ನು ಬಿಟ್ಟಿದ್ದಳು, ಕೈಕೆಲಸ ಮಾತ್ರ ಉಳಿದಿತ್ತು. ನೀಲಿ ಅಂಗಿಗಳು ಅವಳ ಸುತ್ತ ರಾಶಿ ಬಿದ್ದಿದ್ದವು. ನಾನು ಸ್ಟೂಲು ಎಳೆದುಕೊಂಡು, ಟಿಪ್ಪಣಿ ಪುಸ್ತಕ ಬಿಚ್ಚಿ, ಕಚೇರಿಯ ಧ್ವನಿಯಲ್ಲಿ ಕೇಳಿದೆ.

"ನಾನು ಹುಟ್ಟಿದಾಗ ಆಸ್ಪತ್ರೆಯಲ್ಲಿ ಯಾರು ಏನು ಮಾತಾಡಿದರು, ಹೇಳು."

ಸೂಜಿ ನಿಂತಿತು. "ಯಾಕೆ ಈಗ?"

"ಕೆಲಸ. ನಿಘಂಟಿಗೆ."

"ಯಾವ ಪದ?"

"ಅದನ್ನ ಹೇಳೋ ಹಾಗಿಲ್ಲ."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಹಿಗ್ಗು," ಎಂದಳು. "ಹಾಕಿದ್ರಾ ಕೊನೆಗೆ? ಹಾಕೇ ಹಾಕ್ತಾರೆ ಅಂತ ಗೊತ್ತಿತ್ತು. ಅಂಥ ಮಾತನ್ನ ಬಿಡೋಕೆ ಅವರಿಗೆಲ್ಲಿ ಮನಸ್ಸು ಬರುತ್ತೆ."

"ಯಾರು ಹೇಳಿದ ಮಾತು?" ಎಂದೆ. ನಿಯಮದ ಪ್ರಕಾರ ಕೇಳಬೇಕಾದ ಪ್ರಶ್ನೆ ಅದು. ಉತ್ತರ ಗೊತ್ತಿದೆ ಎಂಬ ಧೈರ್ಯದಿಂದಲೇ ಕೇಳಿದೆ.

"ನಾನು."

ಅವಳು ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ ಕೂತಳು. ಎಷ್ಟೋ ವರ್ಷ ಕಾದು ಕೂತವರ ಹಾಗೆ ಕೂತಳು.

"ನಿಮ್ಮಮ್ಮ ನಿನ್ನನ್ನ ಎತ್ತಿಕೊಳ್ಳಲೇ ಇಲ್ಲ ಕಣೆ. ನರ್ಸು ಪಕ್ಕದಲ್ಲಿ ಮಲಗಿಸೋಕೆ ಬಂದ್ರೆ ಗೋಡೆ ಕಡೆ ತಿರುಗಿಕೊಂಡ್ಲು. ಅದನ್ನ ಆಚೆ ತಗೊಂಡು ಹೋಗಿ, ಅದರ ಮುಖ ನೋಡಿದ್ರೆ ಅವನೇ ಕಾಣ್ತಾನೆ, ಅಂದ್ಲು. ಮೂರು ದಿನವೂ ಅಷ್ಟೇ. ನಿನಗೆ ಬಾಟಲಿ ಹಾಲು ಕುಡಿಸಿದ್ದು ನಾನು. ಅವಳಿಗೆ ಜ್ವರ ಏರ್ತಾ ಇತ್ತು, ನನಗೆ ಒಳಗೊಳಗೇ ಒಂದೇ ಹೆದರಿಕೆ. ಎಲ್ಲಿ ಇವಳಿಗೆ ಗುಣವಾಗಿ, ಮನಸ್ಸು ಕರಗಿ, ಮಗುನ ವಾಪಸ್ಸು ಕೇಳ್ತಾಳೋ ಅಂತ."

"ದೊಡ್ಡಮ್ಮ."

"ಕೇಳಿದ್ದೀಯ, ಪೂರ್ತಿ ಕೇಳು. ಮೂರನೇ ದಿನ ಮಧ್ಯಾಹ್ನ ನರ್ಸು ಹೊರಗೆ ಬಂದು ಅವಳು ಹೋದಳು ಅಂದ್ಲು. ನೀನು ನನ್ನ ಕೈಯಲ್ಲಿ ನಿದ್ದೆ ಮಾಡ್ತಿದ್ದೆ. ದೇವರಾಣೆಗೂ ಒಂದು ಹನಿ ಅಳು ಬರಲಿಲ್ಲ. ಇನ್ನು ಇದು ನಂದು, ಯಾರೂ ಕೇಳೋರಿಲ್ಲ, ಅಂತ ಅನ್ನಿಸಿಬಿಡ್ತು. ಇಲ್ಲಿ," ಎಂದು ಎದೆಯನ್ನು ಮುಷ್ಟಿಯಿಂದ ಗುದ್ದಿ ತೋರಿಸಿದಳು, "ಇಲ್ಲಿ ನೋವು ಬಂತು. ಆಗ ಅಂದೆ ಆ ಮಾತು, ನಿನ್ನ ದೊಡ್ಡಪ್ಪನಿಗೆ. ಅವರು ನನ್ನ ಬಾಯಿ ಮುಚ್ಚಿದ್ರು, ಅಂಗೈಯಿಂದ. ಒಳಗೆ ಹೆಣ ಇದೆ ಕಣೇ, ಅಂದ್ರು."

ಕಾಜಾ ಮುಗಿಯದ ಅಂಗಿಯೊಂದು ಜಾರಿ ಕೆಳಗೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

"ಐದು ವರ್ಷ ಆದ ಮೇಲೆ ನೋಡ್ತೀನಿ, ನನ್ನ ಬಾಯಿ ಮುಚ್ಚಿಸಿದ ಮಾತನ್ನ ಅವಳ ಬಾಯಿಗೆ ಹಾಕಿಬಿಟ್ಟಿದ್ದಾರೆ. ಮಗು ಅಳ್ತಿತ್ತು, ಏನಾದ್ರೂ ಹೇಳಬೇಕಿತ್ತು, ಅಂದ್ರು. ನೀನು ಅದನ್ನ ಊರಿಗೆಲ್ಲ ಸಾರಿಕೊಂಡು ತಿರುಗಿದೆ. ನನ್ನ ಮಾತನ್ನೇ ನನಗೆ ಹೇಳ್ತಿದ್ದೆ, ನಿಮ್ಮಮ್ಮ ಹೇಳಿದ್ಲು ಅಂತ. ಹೊಟ್ಟೆಗೆ ಬೆಂಕಿ ಬೀಳ್ತಿತ್ತು ನನಗೆ. ನಿನ್ನನ್ನ ನೋಡಿ ಹಾಗೆ ಹಿಗ್ಗಿದೋಳು ಈ ಲೋಕದಲ್ಲಿ ಇದ್ದಿದ್ರೆ ನಾನೊಬ್ಬಳೇ."

ಆಮೇಲೆ ಅವಳ ಧ್ವನಿ ಸಣ್ಣದಾಯಿತು. "ಈಗ ಗೊತ್ತಾಯ್ತಲ್ಲ. ಒಂದು ಸಲ ಅಮ್ಮ ಅನ್ನೇ."

ನನಗೆ ಕನಿಕರ ಬರಲಿಲ್ಲ. ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವ ಸಿಟ್ಟು. ಮೂವತ್ತನಾಲ್ಕು ವರ್ಷ ನಾನು ಕೈಹಿಡಿದು ನಡೆದ ಒಬ್ಬಳೇ ಒಬ್ಬಳನ್ನು ಇವಳು ಒಂದು ಮಧ್ಯಾಹ್ನ ಕಾಜಾ ಮಾಡುತ್ತ ಮಾಡುತ್ತ ಕೊಂದು ಹಾಕಿದ್ದಳು. ಕೊಂದು, ಅವಳ ಜಾಗದಲ್ಲಿ ಕೂರಲು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಸಹಿ ಮಾಡು ಎಂದು ಮುಂದೆ ಹಿಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಸಹಿ ಮಾಡಿದಳು.

"ಚೀಟಿಯಲ್ಲಿ ನನ್ನನ್ನ ಏನಂತ ಬರೀತೀಯ?" ಎಂದು ಕೇಳಿದಳು.

"ಶುಕ್ರವಾರ ಬರ್ತೀಯಲ್ಲ, ಆಗ ಗೊತ್ತಾಗುತ್ತೆ," ಎಂದೆ.

ಗುರುವಾರ ಚೀಟಿಗಳ ಕೋಣೆಯಲ್ಲಿ, ಕಪಾಟುಗಳ ಮಧ್ಯದ ಇಕ್ಕಟ್ಟಿನಲ್ಲಿ ದೊಡ್ಡಪ್ಪ ನನ್ನನ್ನು ಹಿಡಿದರು. ಮನೆಯಲ್ಲಿ ಅವರಿಗೆ ವಿಷಯ ತಿಳಿದಿತ್ತು. ಒಂದೇ ದಿನದಲ್ಲಿ ಇಳಿದುಹೋಗಿದ್ದರು.

"ನಾನು ಚೀಟಿಯಲ್ಲಿ ಸುಳ್ಳು ಬರೆದಿಲ್ಲ," ಎಂದರು. "ಸರಿಯಾಗಿ ನೋಡು. ಹೇಳಿದವರು ತಾಯಿ ಅಂತಷ್ಟೇ ಇದೆ. ಹೆತ್ತವಳು ಅಂತ ಬರೆದಿದ್ದೀನಾ? ಎತ್ತಿಕೊಂಡಾಗ ಅಂತ ಇದೆ. ಎತ್ತಿಕೊಂಡವಳು ಯಾರು? ಹೇಳಿದವಳ ಕಿವಿಗೂ ಬಿತ್ತಲ್ಲ, ಅದಕ್ಕೇ ಕೇಳಿದವರು ಇಬ್ಬರು ಅಂದೆ. ಹಾಗೇ ಬಿಟ್ಟುಬಿಡು ಮಗಳೇ. ನಿನಗೆ ನಿನ್ನ ಅಮ್ಮ ಉಳೀತಾಳೆ, ಅವಳಿಗೆ ಅವಳ ಮಾತು ಉಳಿಯುತ್ತೆ. ಯಾರಿಗೂ ಏನೂ ನಷ್ಟ ಇಲ್ಲ."

"ನಿಮಗೆ ನಿಮ್ಮ ಮೂರನೇ ಅರ್ಥ ಉಳಿಯುತ್ತೆ."

ಅವರು ಕಪಾಟಿನ ಹಿಡಿಯನ್ನು ಹಿಡಿದುಕೊಂಡರು. "ಹೌದು. ಮೂವತ್ತೊಂಬತ್ತು ವರ್ಷದಲ್ಲಿ ನನ್ನ ಕಿವಿಗೆ ಬಿದ್ದ ಒಂದೇ ಒಂದು ಅಪ್ಪಟ ವಾಕ್ಯ ಅದು. ಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲ. ಎಷ್ಟು ಹುಡುಕಿದೆ ಗೊತ್ತಾ? ಹೆಣದ ಮುಂದೆ ನಿಂತಿದ್ದಾಗಲೇ ಅನ್ನಿಸಿತ್ತು, ಇದನ್ನ ಬರೆದಿಟ್ಟುಕೊಳ್ಳಬೇಕು ಅಂತ. ಆವತ್ತೇ ಬರೆದಿಟ್ಟೆ, ಔಷಧಿ ಚೀಟಿಯ ಹಿಂದೆ. ನನಗೂ ನಾಚಿಕೆ ಇದೆ."

ನಾನು ಅವರನ್ನು ದಾಟಿಕೊಂಡು ಹೊರಗೆ ಬಂದೆ. ನನ್ನ ಅಮ್ಮ ಒಳಗೆ ಸತ್ತಿದ್ದಾಳೆ, ಹೊರಗೆ ಒಬ್ಬರು ಹಿಗ್ಗುತ್ತಿದ್ದಾರೆ, ಇನ್ನೊಬ್ಬರು ಅದನ್ನು ಬರೆದುಕೊಳ್ಳುತ್ತಿದ್ದಾರೆ. ಎಂಥ ಸಂಸಾರದ ಕೈಗೆ ಸಿಕ್ಕಿದ್ದೆ ನಾನು ಅನ್ನಿಸಿತು.

ಶುಕ್ರವಾರ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿದ್ದರು. ಚಹಾ, ಬಿಸ್ಕತ್ತು, ದೊಡ್ಡಪ್ಪನಿಗೆ ಕೊಡಲು ತಂದ ಗೋಡೆ ಗಡಿಯಾರ. ನಿವೃತ್ತರಾಗುವವರ ಮನೆಯವರನ್ನು ಕರೆಯುವುದು ನಮ್ಮಲ್ಲಿ ರೂಢಿ. ದೊಡ್ಡಮ್ಮ ತಿಳಿ ಹಸಿರು ಸೀರೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು, ಗಂಡನ ಪಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಚೀಟಿಯಲ್ಲಿದ್ದ ತಾಯಿ ಎಂಬುದನ್ನು ನಾನು ಬದಲಾಯಿಸುವುದಿಲ್ಲ ಎಂದು ಅವಳು ನಂಬಿದ್ದಳು. ಅದು ಅವಳ ಮುಖದಲ್ಲೇ ಇತ್ತು.

ಸಂಪಾದಕರು ನಾಲ್ಕು ಒಳ್ಳೆಯ ಮಾತಾಡಿ, ನನ್ನ ಕಡೆ ತಿರುಗಿದರು. "ಕೊನೇ ಪದ. ಒಡೀತೋ, ನಿಂತಿತೋ?"

"ಮೊದಲೆರಡು ಅರ್ಥ ನಿಂತವು," ಎಂದೆ. "ಮೂರನೆಯದರ ಚೀಟಿಯಲ್ಲಿ ತಪ್ಪಿದೆ."

ಹಳದಿ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟೆ. ಪೆನ್ನು ತೆಗೆದೆ. ತಾಯಿ ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದು, ಗಟ್ಟಿಯಾಗಿ ಓದಿದೆ: "ಹೇಳಿದವರು, ದೊಡ್ಡಮ್ಮ. ಯಾವಾಗ, ಮಗುವಿನ ತಾಯಿ ಸತ್ತ ಸುದ್ದಿ ಬಂದಾಗ. ಕೇಳಿದವರು, ಗಂಡ."

ಕೋಣೆಯಲ್ಲಿದ್ದ ಒಂಬತ್ತು ಜನರೂ ದೊಡ್ಡಮ್ಮನ ಕಡೆ ನೋಡಿದರು. ಅಲ್ಪವಿರಾಮ ಮೆಲ್ಲಗೆ, "ಪಾಪ, ಇವತ್ತೊಂದು ದಿನ, ಬಿಡಬಹುದಿತ್ತು," ಎಂದರು. ದೊಡ್ಡಪ್ಪ ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತ ಕೂತಿದ್ದರು.

ಸಂಪಾದಕರು ಕೆಮ್ಮಿದರು. "ಹಾಗಾದರೆ ಕೇಳಿದವರು ಒಬ್ಬರೇ ಆದರು."

"ಒಬ್ಬರೇ, ಸಾರ್. ನಿಯಮಕ್ಕೆ ಇಬ್ಬರು ಬೇಕು."

"ಇನ್ನೊಬ್ಬಳಿದ್ಲು," ಎಂದಳು ದೊಡ್ಡಮ್ಮ.

ಅವಳು ಎದ್ದು ನಿಂತಿದ್ದಳು. ಮಂಡಿ ನೋವಿಗೆ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಷ್ಟು ಜನ ಓದಿದವರ ಎದುರು ಅವಳು ಬಾಯಿ ತೆರೆದದ್ದು ಅದೇ ಮೊದಲು. "ಏನಂತಾದ್ರೂ ಬರೀಲಿ ನನ್ನನ್ನ. ಆದ್ರೆ ಆ ಮಾತನ್ನ ತೆಗೀಬೇಡಿ. ಅದನ್ನ ಕೇಳಿದೋಳು ಇನ್ನೊಬ್ಬಳಿದ್ಲು. ನನ್ನ ಕೈಯಲ್ಲೇ ಇದ್ಲು. ನನ್ನ ಎದೆಗೆ ಕಿವಿ ಇಟ್ಟುಕೊಂಡು ಮಲಗಿದ್ಲು. ಕೇಳಿ ಅವಳನ್ನ."

ಎಲ್ಲರೂ ನನ್ನ ಕಡೆ ತಿರುಗಿದರು. ಸಂಪಾದಕರ ಮುಖದಲ್ಲಿ, ಹೂಂ ಅಂದುಬಿಡಮ್ಮ ಎಂಬ ಬೇಡಿಕೆ ಇತ್ತು. ಮೂರು ದಿನದ ಕೂಸಿನ ಸಾಕ್ಷಿಯನ್ನು ಆ ಹೊತ್ತು ಅವರು ಬರೆದುಕೊಳ್ಳಲು ಸಿದ್ಧರಿದ್ದರು. ನಾನು ಹೌದೆಂದು ತಲೆಯಾಡಿಸಿದ್ದರೂ ಸಾಕಿತ್ತು.

ದೊಡ್ಡಮ್ಮನನ್ನು ನೇರವಾಗಿ ನೋಡಿ ಹೇಳಿದೆ. "ನನಗೆ ನೆನಪಿಲ್ಲ."

ಅವಳು ಕೂರಲು ಹೋದಳು, ಕುರ್ಚಿ ಎಲ್ಲಿದೆ ಎಂದು ಅವಳಿಗೆ ತಿಳಿಯಲಿಲ್ಲ. ದೊಡ್ಡಪ್ಪ ಎದ್ದು ಹಿಡಿದು ಕೂರಿಸಿದರು. ಚೀಟಿಯ ಕೆಳಗೆ ನಾನು "ಒಡೆಯಿತು" ಎಂದು ಬರೆದು ಸಹಿ ಹಾಕಿದೆ. ಹಾಕುವಾಗ ನನಗೆ ಸಂತೋಷವಾಯಿತು. ಉಗುರಿನ ತುದಿಯವರೆಗೂ ಹರಿದ ಸಂತೋಷ ಅದು. ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ ನನ್ನ ಚಹಾ ಕುಡಿದೆ, ಆರಿಹೋಗಿತ್ತು.

ಆ ಸಂಪುಟ ಈಗ ಅಚ್ಚಾಗಿ ಬಂದಿದೆ. ಹಿಗ್ಗು ಎಂಬುದಕ್ಕೆ ಎರಡೇ ಅರ್ಥಗಳಿವೆ. ಮನೆಗೆ ತಂದ ಪ್ರತಿಯನ್ನು ದೊಡ್ಡಪ್ಪ ಮುಟ್ಟಲಿಲ್ಲ. ದೊಡ್ಡಮ್ಮ ಮಾತ್ರ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಆ ಪುಟ ಹುಡುಕಿದಳು, ಬಾಗಿಲು, ರಬ್ಬರು, ಹೀರೇಕಾಯಿ ಎಲ್ಲ ಓದಿದಳು. ಮುಗಿದ ಮೇಲೂ ಬೆರಳನ್ನು ಕೆಳಗೆ, ಮುಂದಿನ ಪದದ ಮೇಲೆ ಸರಿಸಿ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, "ಊಟಕ್ಕೆ ಬಡಿಸಲಾ?" ಎಂದು ಕೇಳಿದಳು.

"ಬಡಿಸು ದೊಡ್ಡಮ್ಮ," ಎಂದೆ.